ಕಾಲು ಬರಲಿಲ್ಲ, ಕೈ ಇತ್ತು

ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋಗುವ ನಮ್ಮಂಥ ಚರ್ಚ್ ಸಭೆಯವರಿಗೆ ಒಂದು ಚಟ ಇದೆ. ಕಿತ್ತಳೆ ಹಣ್ಣಿನ ಕವರ್ ಮೇಜಿನ ಮೇಲೆ ಇಡುತ್ತೇವೆ, ಪ್ರಾರ್ಥನೆ ಮಾಡುತ್ತೇವೆ, ಆಮೇಲೆ ಸುಮ್ನೆ ಎದ್ದು ಬರುವುದು ಬಿಟ್ಟು ಒಂದು ಮಾತು ಆಡಿಯೇ ಆಡುತ್ತೇವೆ. "ಇದರಲ್ಲೂ ಕರ್ತನ ಚಿತ್ತ ಏನೋ ಇರುತ್ತೆ ಬಿಡಿ." ನಾನೂ ಆಡಿದ್ದೇನೆ. ಒಮ್ಮೆ ಹಾಗೆ ಹೇಳಿದಾಗ ಹಾಸಿಗೆಯಲ್ಲಿದ್ದ ಹಿರಿಯರು, "ಏನಿರುತ್ತೆ ಅಂತ ನಿಮಗೆ ಗೊತ್ತಾದ ದಿನ ನನಗೂ ಹೇಳಿ" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಅವತ್ತಿನಿಂದ ಆ ಮಾತು ನನ್ನ ಗಂಟಲಲ್ಲೇ ನಿಲ್ಲುತ್ತದೆ.

ಹಾಗಾಗಿ ನೋವಿಗೆ ಅರ್ಥ ಇದೆಯಾ ಎಂದು ಯಾರಾದರೂ ಕೇಳಿದರೆ ನಾನು ಈಗ ಉಪದೇಶಕ್ಕೆ ಇಳಿಯುವುದಿಲ್ಲ. ವೆಲ್ಲೂರಿನ ಒಬ್ಬ ಡಾಕ್ಟರ್ ವಿಷಯ ಹೇಳುತ್ತೇನೆ. ಅವರ ಹೆಸರು ಮೇರಿ ವರ್ಗೀಸ್. ಈ ಪ್ರಕರಣವನ್ನು ಕೊಂಚ ನಿಧಾನವಾಗಿ ನೋಡಬೇಕು, ಯಾಕೆಂದರೆ ಗಡಿಬಿಡಿಯಲ್ಲಿ ಹೇಳಿದರೆ ಇದೂ ಒಂದು ಸಿಹಿ ಸಾಕ್ಷಿಯಾಗಿಬಿಡುತ್ತದೆ. ಭಾನುವಾರ ಕೇಳಿ ಚಪ್ಪಾಳೆ ತಟ್ಟಿ ಮನೆಗೆ ಹೋಗುವಂಥದ್ದು.

ಮೇರಿ ಹುಟ್ಟಿದ್ದು 1925ರಲ್ಲಿ, ಕೊಚ್ಚಿಯಲ್ಲಿ. ಅನುಕೂಲಸ್ಥ ಸಿರಿಯನ್ ಕ್ರೈಸ್ತ ಮನೆತನ. ಓದಿದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ, ಅಂದರೆ ಕೋಲಾರ, ಕೆಜಿಎಫ್, ಬೆಂಗಳೂರು ಕಡೆಯವರು ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು, ಕೈಯಲ್ಲಿ ರಿಪೋರ್ಟ್ ಚೀಲ ಹಿಡಿದು ಹೋಗುತ್ತಾರಲ್ಲ, ಅದೇ ಸಿಎಂಸಿ. ಐಡಾ ಸ್ಕಡರ್ ಎಂಬ ಡಾಕ್ಟರಮ್ಮ 1900ರಲ್ಲಿ ಒಂದೇ ಹಾಸಿಗೆಯಿಂದ ಶುರು ಮಾಡಿದ್ದು. 1918ರಲ್ಲಿ ಅಲ್ಲೇ ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆಯನ್ನೂ ತೆರೆದರು. ಮೇರಿಗೆ ಹೆರಿಗೆ ಮತ್ತು ಸ್ತ್ರೀರೋಗದ ಡಾಕ್ಟರ್ ಆಗುವ ಆಸೆ. ಅದೇ ದಾರಿಯಲ್ಲಿ ಇದ್ದರು ಕೂಡ.

1954ರ ಜನವರಿಯಲ್ಲಿ ಜೊತೆಯ ಡಾಕ್ಟರುಗಳ ಸಂಗಡ ವಾಹನದಲ್ಲಿ ಹೋಗುವಾಗ ಅಪಘಾತವಾಯಿತು. ಆಗ ಅವರಿಗೆ 28 ವರ್ಷ. ಮುಖ ಸೀಳಿತ್ತು, ಕೆನ್ನೆಯ ಮೇಲೆ ಉದ್ದಕ್ಕೆ ಗಾಯ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತ್ತು. ಕಾಲು ಇವೆ, ಆದರೆ ಇಲ್ಲ.

ಇಲ್ಲಿ ಒಂದು ಮಾತು. ನಮ್ಮ ಮಲೆನಾಡು, ಕರಾವಳಿ ಕಡೆ ಅಡಿಕೆ ಮರದಿಂದ ಬಿದ್ದು ಹೀಗಾದವರು ಇದ್ದಾರೆ. ಅಂಥ ಮನೆ ನೋಡಿದವರಿಗೆ ಗೊತ್ತು, ಬೆನ್ನುಹುರಿ ಪೆಟ್ಟು ಅಂದರೆ ನಡೆಯಲು ಆಗದೆ ಇರುವುದು ಮಾತ್ರ ಅಲ್ಲ. ಮೂತ್ರ ಕಟ್ಟುತ್ತದೆ, ಇಲ್ಲವೆ ತಾನಾಗಿ ಹೋಗುತ್ತದೆ. ಮಲದ ಮೇಲೆ ಹಿಡಿತ ಇರುವುದಿಲ್ಲ. ಸತ್ತ ಕಾಲು ಇದ್ದಕ್ಕಿದ್ದ ಹಾಗೆ ಸೆಟೆದು ಅದುರುತ್ತದೆ. ಒಂದೇ ಮಗ್ಗುಲಲ್ಲಿ ಹೊತ್ತು ಕಳೆದರೆ ಚರ್ಮ ಕೊಳೆತು ಎಲುಬು ಕಾಣುವಷ್ಟು ಹುಣ್ಣಾಗುತ್ತದೆ, ಆದರೂ ಮಲಗಿದವರಿಗೆ ಅದರ ಅರಿವೇ ಇರುವುದಿಲ್ಲ. ಎರಡನೇ ಮಹಾಯುದ್ಧದ ತನಕ ಇಂಥವರಲ್ಲಿ ಹೆಚ್ಚಿನವರು ಈ ಹುಣ್ಣು, ಮೂತ್ರದ ಸೋಂಕಿನಿಂದಲೇ ಬೇಗ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರ್ ಹಠ ಹಿಡಿದು ಬೇರೆ ರೀತಿ ಶುಶ್ರೂಷೆ ಶುರು ಮಾಡಿದ ಮೇಲೆ ಲೆಕ್ಕ ಬದಲಾಯಿತು. ಮೇರಿ ಬಿದ್ದಾಗ ಆ ವಿದ್ಯೆಗೆ ಹತ್ತೇ ವರ್ಷ. ವೆಲ್ಲೂರಿನಲ್ಲಿ ಅದಕ್ಕೊಂದು ವಿಭಾಗವೂ ಇರಲಿಲ್ಲ.

ಅವರ ಚಿಕಿತ್ಸೆ ನೋಡಿದವರಲ್ಲಿ ಒಬ್ಬರು ಪಾಲ್ ಬ್ರಾಂಡ್. ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ, ಮಿಷನರಿ ದಂಪತಿಯ ಮಗನಾಗಿ. ಇಂಗ್ಲೆಂಡಿನಲ್ಲಿ ಸರ್ಜನ್ ಆಗಿ 1946ರಲ್ಲಿ ಭಾರತಕ್ಕೆ ವಾಪಸ್ ಬಂದು ವೆಲ್ಲೂರು ಸೇರಿದವರು.

ಮೊದಮೊದಲು ಮೇರಿಯ ಆಸೆಯೆಲ್ಲ ಪವಾಡದ ಮೇಲೆ ಇತ್ತು. ಇದು ನನಗೆ ತುಂಬಾ ಹತ್ತಿರದ ವಿಷಯ ಅನಿಸುತ್ತದೆ, ಯಾಕೆಂದರೆ ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಇವತ್ತಿಗೂ ಇದೇ ಸಿಕ್ಕು. ದೇವರು ನನ್ನನ್ನು ಎಬ್ಬಿಸಿ ನಡೆಸುತ್ತಾನೆ ಎಂದು ನಂಬಿದವಳು ಗಾಲಿಕುರ್ಚಿ ತರಿಸಿಕೊಂಡರೆ ಅದು ಅಪನಂಬಿಕೆ ಆಗುತ್ತದೆ ಅಲ್ವಾ? ಕಾಲಿಲ್ಲದ ಬದುಕಿಗೆ ತಯಾರಾದರೆ ನಂಬಿಕೆ ಬಿಟ್ಟ ಹಾಗೆ, ತಯಾರಾಗದೆ ಇದ್ದರೆ ಬದುಕೇ ಇಲ್ಲ. ಡಾಕ್ಟರ್ ಆಗಿ ಅವರಿಗೆ ತಮ್ಮ ಬೆನ್ನುಹುರಿಯ ಸ್ಥಿತಿ ಚೆನ್ನಾಗಿ ಗೊತ್ತಿತ್ತು. ವಿಶ್ವಾಸಿಯಾಗಿ ಬೇರೆ ಏನೋ ಕಾಯುತ್ತಿದ್ದರು. ತಿಂಗಳುಗಳು ಉರುಳಿದವು, ಕಾಲಿನಲ್ಲಿ ಏನೂ ಆಗಲಿಲ್ಲ.

ಯೇಸುವಿನ ಸುವಾರ್ತೆ ಸಾರಿದ ಪೌಲನೂ ಇಂಥದ್ದೇ ಬೇಡಿಕೊಂಡಿದ್ದ. ಬೈಬಲಿನಲ್ಲಿ, ಕೊರಿಂಥದವರಿಗೆ ಬರೆದ ಎರಡನೇ ಪತ್ರದ 12ನೇ ಅಧ್ಯಾಯದಲ್ಲಿ ಹೇಳುತ್ತಾನೆ, ಶರೀರದಲ್ಲಿ ಶೂಲ ನಾಟಿದ ಹಾಗಿದೆ, ತೆಗೆದುಹಾಕು ಎಂದು ಕರ್ತನಿಗೆ ಮೂರು ಸಾರಿ ಮೊರೆ ಇಟ್ಟೆ. ಶೂಲ ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಈ ವಚನವನ್ನು ನಾವು ಕ್ಯಾಲೆಂಡರಿನಲ್ಲಿ ಹೂವಿನ ಚಿತ್ರದ ಕೆಳಗೆ ಓದಿ ಓದಿ ಅದರ ಒರಟು ಮರೆತಿದ್ದೇವೆ. ಕೇಳಿದ್ದು ಸಿಗಲಿಲ್ಲ ಎಂಬ ಸುದ್ದಿ ಅದು. ಯಾಕೆ ನಾಟಿತು ಎಂಬುದಕ್ಕೆ ಪೌಲ ತನ್ನದೇ ಒಂದು ವಿವರಣೆ ಕೊಟ್ಟುಕೊಳ್ಳುತ್ತಾನೆ, ಜಂಬ ಬರದಿರಲಿ ಅಂತ ಇರಬೇಕು ಎಂದು. ಸರಿ, ಅವನ ಶೂಲಕ್ಕೆ ಅವನು ಹೇಳಿಕೊಂಡ. ಅದನ್ನೇ ಎತ್ತಿ ಇನ್ನೊಬ್ಬರ ಮಂಚದ ಪಕ್ಕ ನಿಂತು ಹೇಳುವ ಹಕ್ಕು ನಮಗೆ ಯಾರು ಕೊಟ್ಟರು? ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಮೈಯೆಲ್ಲ ಹುಣ್ಣಾಗಿ ಕೂತ ಯೋಬನ ಗೆಳೆಯರು ಏಳು ದಿನ ಮಾತಿಲ್ಲದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಅಷ್ಟೂ ದಿನ ಒಳ್ಳೆಯ ಗೆಳೆಯರೇ. ಬಾಯಿ ಬಿಟ್ಟ ಮೇಲೆ ಕೆಟ್ಟರು.

ಬ್ರಾಂಡ್ ಮೇರಿಯ ಮುಂದೆ ಇಟ್ಟದ್ದು ವಿವರಣೆ ಅಲ್ಲ, ಒಂದು ಕೆಲಸ. ಕುಷ್ಠರೋಗಿಗಳ ಕೈಗೆ ಮಾಡುವ ಶಸ್ತ್ರಚಿಕಿತ್ಸೆಯನ್ನು ಕೂತುಕೊಂಡೇ ಮಾಡಬಹುದು. ನೀವು ಯಾಕೆ ಮಾಡಬಾರದು?

ಈ ಕೆಲಸ ಏನು ಎಂದು ಬಿಡಿಸಿ ಹೇಳಬೇಕು, ಇಡೀ ಪ್ರಕರಣದ ತಿರುಳು ನನ್ನ ಮಟ್ಟಿಗೆ ಇಲ್ಲೇ ಇದೆ.

ಆ ಕಾಲಕ್ಕೆ ಕುಷ್ಠ ಅಂದರೆ ಮಾಂಸವೇ ಕೊಳೆತು ಬೆರಳು ಉದುರುವ ರೋಗ ಎಂದು ಜನ ನಂಬಿದ್ದರು, ಬಹಳಷ್ಟು ಡಾಕ್ಟರುಗಳೂ ಹಾಗೇ ನಂಬಿದ್ದರು. ಬ್ರಾಂಡ್ ಒಮ್ಮೆ ಚೆಂಗಲ್ಪಟ್ಟಿನ ಕುಷ್ಠಾಲಯಕ್ಕೆ ಹೋದಾಗ ಒಬ್ಬ ರೋಗಿಯ ಮುರುಟಿದ ಕೈಯೊಳಗೆ ತಮ್ಮ ಕೈ ಇಟ್ಟು, ಗಟ್ಟಿಯಾಗಿ ಹಿಡಿ ನೋಡೋಣ ಎಂದರು. ಆತ ಹಿಡಿದ ರಭಸಕ್ಕೆ ಡಾಕ್ಟರ ಕೈ ನೊಂದಿತು. ಆ ನೋವೇ ಸುಳಿವಾಯಿತು ನೋಡಿ! ಕೈಯ ಕೆಲವು ಸ್ನಾಯುಗಳಲ್ಲಿ ಇಷ್ಟು ಬಲ ಉಳಿದಿದೆ ಅಂದರೆ ಅವನ್ನು ಬೇರೆ ಕಡೆಗೆ ತಿರುಗಿಸಿ ಬೆರಳು ಬಿಚ್ಚುವ ಹಾಗೆ ಮಾಡಬಹುದಲ್ಲ ಎಂದು ಹೊಳೆಯಿತು. ಚೆನ್ನಾಗಿರುವ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯನ್ನು ಬಿಡಿಸಿ, ಸತ್ತ ಸ್ನಾಯುವಿನ ಜಾಗಕ್ಕೆ ಎಳೆದು ಹೊಲಿಯುವುದು. ಆಮೇಲೆ ವಾರಗಟ್ಟಲೆ ವ್ಯಾಯಾಮ, ಯಾಕೆಂದರೆ ಹಳೇ ಕೆಲಸಕ್ಕೆ ಒಗ್ಗಿದ ಸ್ನಾಯುವಿಗೆ ಹೊಸ ಕೆಲಸವನ್ನು ಮೆದುಳು ಮೊದಲಿಂದ ಕಲಿಸಬೇಕು. ಮುರುಟಿದ ಬೆರಳು ಬಿಚ್ಚಿಕೊಂಡು ತುತ್ತು ಹಿಡಿಯುತ್ತದೆ, ಗುಂಡಿ ಹಾಕುತ್ತದೆ, ಪೆನ್ನು ಹಿಡಿಯುತ್ತದೆ.

ಆದರೆ ಬೆರಳು ಮೊಟಕಾಗುವುದು ಯಾಕೆ? ಬ್ರಾಂಡ್ ಮತ್ತು ಜೊತೆಯವರು ಕಂಡುಕೊಂಡ ಉತ್ತರ ಸರಳ, ಭಯಂಕರ. ರೋಗ ನರವನ್ನು ಕೊಲ್ಲುತ್ತದೆ, ನೋವು ಗೊತ್ತಾಗುವುದಿಲ್ಲ. ಬಿಸಿ ಪಾತ್ರೆ ಬರಿಗೈಯಲ್ಲಿ ಎತ್ತುತ್ತಾರೆ. ಕಾಲಿಗೆ ಮೊಳೆ ಹೊಕ್ಕರೂ ನಡೆಯುತ್ತಲೇ ಇರುತ್ತಾರೆ. ಕೆಲವರ ಬೆರಳು ರಾತ್ರೋರಾತ್ರಿ ಮೊಟಕಾಗಿರುತ್ತಿತ್ತು, ಕಾದು ನೋಡಿದರೆ ಇಲಿ ಬಂದು ತಿನ್ನುತ್ತಿತ್ತು, ಮಲಗಿದವನಿಗೆ ಎಚ್ಚರವೇ ಆಗುತ್ತಿರಲಿಲ್ಲ. ಮದ್ದು ಅಂದರೆ ಮನೆಗೊಂದು ಬೆಕ್ಕು. ನಗು ಬರುತ್ತದೆ, ಆದರೆ ನಿಜ. ನೋವು ಎಂಬುದು ಮೈಯ ಕಾವಲುಗಾರ, ಅದಿಲ್ಲದ ಮೈ ಬೇಲಿಯಿಲ್ಲದ ಹೊಲದ ಹಾಗೆ. ಬ್ರಾಂಡ್ ಮುಂದೆ ಇಡೀ ಜೀವಮಾನ ಇದನ್ನೇ ಹೇಳಿದರು, ನೋವು ದೇವರ ಕೊಡುಗೆ ಎಂದು. ಬಾಯಿಮಾತಿನ ಸಮಾಧಾನ ಅಲ್ಲ ಅದು, ನೋವಿಲ್ಲದವರ ಕೈಕಾಲು ನೋಡಿ ನೋಡಿ ಬಂದ ಮಾತು.

ಈಗ ಮೇರಿಯನ್ನು ಈ ಜಾಗದಲ್ಲಿ ಕೂರಿಸಿ ನೋಡಿ. ಸೊಂಟದ ಕೆಳಗೆ ಅವರಿಗೂ ನೋವಿಲ್ಲ. ಅವರ ಚರ್ಮವೂ ಸದ್ದಿಲ್ಲದೆ ಕೊಳೆಯಬಲ್ಲದು. ರೋಗಿ ತನ್ನ ಅಂಗಾಲನ್ನು ದಿನಾ ಕಣ್ಣಲ್ಲೇ ನೋಡಿ ಗಾಯ ಹುಡುಕಬೇಕು, ಡಾಕ್ಟರೂ ತಮ್ಮ ಮೈಯನ್ನು ಹಾಗೆಯೇ ಕಾಯಬೇಕು. ಕುಷ್ಠರೋಗಿಯನ್ನು ನೋಡಿ ಊರು ಮುಖ ತಿರುಗಿಸುತ್ತದೆ, ಮೇರಿಯ ಕೆನ್ನೆಯ ಗಾಯದ ಗುರುತು ನೋಡಿದವರ ಕಣ್ಣು ಕೂಡ ಒಂದು ಕ್ಷಣ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅವರು ಗಾಲಿಕುರ್ಚಿಯಲ್ಲಿ ವಾರ್ಡಿಗೆ ಬಂದಾಗ ರೋಗಿಗಳು ಧೈರ್ಯ ತಂದುಕೊಳ್ಳುತ್ತಿದ್ದರಂತೆ. ಬ್ರಾಂಡ್ ಅದನ್ನು ನೆನೆದು ಬರೆದಿದ್ದಾರೆ. ನಾನು ಬ್ರಾಂಡ್ ಮಾತನ್ನು ಸುಲಭವಾಗಿ ನಂಬುತ್ತೇನೆ, ಯಾಕೆಂದರೆ ಎರಡು ಕಾಲೂ ಸರಿಯಿರುವ ಡಾಕ್ಟರ್ "ಧೈರ್ಯವಾಗಿರಿ" ಅಂದಾಗ ನಮ್ಮ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಮಲಗಿದ್ದವರಿಗೆ ಗೊತ್ತು.

ಬೆನ್ನಿನ ಶಸ್ತ್ರಚಿಕಿತ್ಸೆಗಳು ಮುಗಿದು ಕೂರಲು ಬಂದ ಮೇಲೆ ಮೇರಿ ಕೈಯ ಸರ್ಜರಿ ಕಲಿತರು, ಗಾಲಿಕುರ್ಚಿಯಲ್ಲಿ ಕೂತೇ ಮಾಡಿದರು. ಇಷ್ಟನ್ನು ಒಂದು ಸಾಲಿನಲ್ಲಿ ಬರೆದುಬಿಟ್ಟೆ. ಅವರಿಗೆ ಅದು ವರ್ಷಗಳ ಕೆಲಸ. ಶಸ್ತ್ರಚಿಕಿತ್ಸೆ ಮಾಡುವಾಗ ಕೆಳಗೆ ಕಾಲು ಸೆಟೆದರೆ? ಗಂಟೆಗಟ್ಟಲೆ ಕೂತು ಹುಣ್ಣಾದರೆ? ಎಲ್ಲವನ್ನೂ ಇಟ್ಟುಕೊಂಡೇ ಮಾಡಬೇಕಿತ್ತು.

ಕನ್ನಡದಲ್ಲಿ ಕೈ ಎಂಬ ಮಾತು ಎಷ್ಟು ಕಡೆ ಬರುತ್ತದೆ ನೋಡಿ. ಏನೂ ಮಾಡಲು ಆಗದವನನ್ನು ಕೈಲಾಗದವನು ಅನ್ನುತ್ತೇವೆ. ಆಸರೆ ಕೊಟ್ಟರೆ ಕೈ ಹಿಡಿದ, ತೊರೆದರೆ ಕೈಬಿಟ್ಟ. ಶುಭ ಶುಕ್ರವಾರ ನಾವು ಓದುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳಲ್ಲಿ ನನ್ನನ್ನು ಪ್ರತಿ ಸಲ ನಿಲ್ಲಿಸುವುದು ನಾಲ್ಕನೆಯದು. ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ? ಬೈಬಲಿನ 22ನೇ ಕೀರ್ತನೆಯ ಮೊದಲ ಸಾಲು ಅದು. ಆ ಪ್ರಶ್ನೆಗೆ ಅಲ್ಲಿ ಉತ್ತರ ಬರಲಿಲ್ಲ. ಕ್ರೈಸ್ತ ನಂಬಿಕೆ ನೋವಿನ ಬಗ್ಗೆ ಏನಾದರೂ ಹೊಸದು ಹೇಳಿದ್ದರೆ ಇದನ್ನೇ ಅನಿಸುತ್ತದೆ ನನಗೆ. ಯಾಕೆ ಎಂದು ಕೂಗಿದವನನ್ನೇ ಅದು ದೇವರ ಮಗ ಅನ್ನುತ್ತದೆ. ಹಾಗಾದರೆ ಆಸ್ಪತ್ರೆಯಲ್ಲಿ ಗೋಡೆ ಕಡೆ ತಿರುಗಿದ ಆ ಹಿರಿಯರು ನಂಬಿಕೆ ಕಳೆದುಕೊಂಡವರಲ್ಲ, ಕೀರ್ತನೆ ಓದುತ್ತಿದ್ದರು.

ಇನ್ನೊಂದು ವಿಷಯ. ಕೇರಳದ ಸಿರಿಯನ್ ಕ್ರೈಸ್ತರು ತಮ್ಮ ಸಭೆಯ ಮೂಲವನ್ನು ಅಪೊಸ್ತಲ ತೋಮನಲ್ಲಿ ಕಾಣುತ್ತಾರೆ. ತೋಮ ಯಾರು? ಯೇಸುವಿನ ಶಿಷ್ಯ, ಸತ್ತು ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ನೋಡಿ ಬೆರಳಿಟ್ಟ ಹೊರತು ನಂಬುವುದಿಲ್ಲ ಎಂದವನು. ಅವನಿಗೆ ಸಂದೇಹದ ತೋಮ ಎಂದು ಹೆಸರಿಟ್ಟು ಬೈಯುತ್ತೇವೆ. ನನಗೆ ಅವನು ಬಲು ಜಾಣ. ಸಾವು ಗೆದ್ದ ಮೈಯಲ್ಲೂ ಗಾಯ ಉಳಿದಿರುತ್ತದೆ ಎಂದು ಅವನಿಗೆ ಹೇಗೋ ಗೊತ್ತಿತ್ತು, ಗಾಯ ಇಲ್ಲದ ಯೇಸುವನ್ನು ತೋರಿಸಿದ್ದರೆ ಅವನು ನಂಬುತ್ತಲೇ ಇರಲಿಲ್ಲ. ಆ ತೋಮನನ್ನು ನೆನೆಯುವ ಮನೆಯಲ್ಲಿ ಹುಟ್ಟಿದ ಹುಡುಗಿ ಕೆನ್ನೆಯ ಮೇಲಿನ ಗುರುತನ್ನು ಹೊತ್ತುಕೊಂಡೇ ಬೇರೆಯವರ ಗಾಯಗೊಂಡ ಕೈ ಹಿಡಿದಳು. ಮೇರಿ ಇದನ್ನು ಹೀಗೆ ಜೋಡಿಸಿ ಹೇಳಿದರು ಎನ್ನುತ್ತಿಲ್ಲ, ಇದು ನನ್ನ ಜೋಡಣೆ.

ಕುಷ್ಠರೋಗಿಯ ಕೈ ಸರಿಪಡಿಸಿದರೆ ಕಥೆ ಮುಗಿಯಿತು ಅಂದುಕೊಳ್ಳಬೇಡಿ. ಬೆರಳು ನೆಟ್ಟಗಾದ ಒಬ್ಬ ರೋಗಿ ಹಿಂದಿರುಗಿ ಬಂದು, ಈ ಕೈ ಭಿಕ್ಷೆ ಬೇಡಲು ಸರಿಯಿಲ್ಲ ಎಂದನಂತೆ. ಮುರುಟಿದ್ದಾಗ ಜನ ಕಾಸು ಹಾಕುತ್ತಿದ್ದರು, ಈಗ ಹಾಕುವುದಿಲ್ಲ, ಕೆಲಸವನ್ನೂ ಕೊಡುವುದಿಲ್ಲ. ವೆಲ್ಲೂರಿನವರು ಆಮೇಲೆ ರೋಗಿಗಳಿಗೆ ಕಸುಬು ಕಲಿಸುವ ಜಾಗ ಮಾಡಿದರು. ಕೈ ಕೊಟ್ಟರೆ ಸಾಲದು, ಕೈಗೆ ಕೆಲಸವೂ ಬೇಕು. ಬದುಕಿಸಿದರೆ ಸಾಲದು, ಬದುಕಲು ಕಲಿಸಬೇಕು. ಮೇರಿ ತಮ್ಮ ಮೈಯ ಮೇಲೂ ಇದನ್ನೇ ಕಂಡಿದ್ದರು. ಅವರಿಗೆ ಸರ್ಜನ್ ಇದ್ದರು, ನರ್ಸ್ ಇದ್ದರು, ಆದರೆ ಬೆನ್ನುಹುರಿ ಹೋದವರು ಮುಂದೆ ಹೇಗೆ ಬದುಕಬೇಕು ಎಂದು ಕಲಿಸುವ ಜಾಗ ಮಾತ್ರ ಇರಲಿಲ್ಲ.

ಅದಕ್ಕೆ ಹೊರಟರು. ಮೊದಲು ಆಸ್ಟ್ರೇಲಿಯಾದ ಪರ್ತ್. ಅಲ್ಲಿ ಹೋದದ್ದು ರೋಗಿಯಾಗಿ, ತನ್ನ ಮೈಯನ್ನು ತಾನೇ ನಿಭಾಯಿಸಲು ಕಲಿಯುವುದಕ್ಕೆ. ಆಮೇಲೆ ನ್ಯೂಯಾರ್ಕ್, ಹೋವರ್ಡ್ ರಸ್ಕ್ ಅವರ ಸಂಸ್ಥೆಗೆ, ಈ ಸಲ ಡಾಕ್ಟರ್ ಆಗಿ. ಯುದ್ಧದಲ್ಲಿ ಗಾಯಗೊಂಡು ಬಂದವರನ್ನು ನೋಡಿ ನೋಡಿ ಪುನಶ್ಚೇತನ ವೈದ್ಯವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು ರಸ್ಕ್. ಅದನ್ನು ಕಲಿತು ವಾಪಸ್ ಬಂದ ಮೇರಿ 1963ರಲ್ಲಿ ಸಿಎಂಸಿಯ ಪುನಶ್ಚೇತನ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಊರಾಚೆಯ ಬಾಗಾಯಂನಲ್ಲಿ ರೋಗಿಗಳು ಉಳಿದುಕೊಂಡು ಕಲಿಯುವಂಥ ಸಂಸ್ಥೆ ತೆರೆಯಿತು. ದೇಶದಲ್ಲಿ ಆ ಬಗೆಯ ಮೊದಲನೆಯದು ಎಂದೇ ಅದನ್ನು ಹೇಳುತ್ತಾರೆ. 1972ರಲ್ಲಿ ಪದ್ಮಶ್ರೀ ಬಂತು.

"ಕಾಲು ಕೇಳಿದೆ, ರೆಕ್ಕೆ ಸಿಕ್ಕಿತು" ಎಂಬ ಅರ್ಥದ ಮಾತೊಂದು ಅವರ ಹೆಸರಿನಲ್ಲಿ ಓಡಾಡುತ್ತದೆ. ಚೆಂದದ ಮಾತು. ಆದರೆ ನನಗೆ ಆ ಮಾತಿನ ಬಗ್ಗೆ ಸ್ವಲ್ಪ ಕಿರಿಕಿರಿ ಇದೆ. ಅವರ ಮೇಲಲ್ಲ, ಅದನ್ನು ಹಂಚುವ ನಮ್ಮ ಮೇಲೆ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವೆ ಇರುವ ಒಂದು ಅಲ್ಪವಿರಾಮದಲ್ಲಿ ಎಂಟೊಂಬತ್ತು ವರ್ಷ ಇದೆ. ಮೂತ್ರದ ನಳಿಕೆ ಇದೆ, ಬೆನ್ನು ಕೊಯ್ದದ್ದಿದೆ, ಸ್ತ್ರೀರೋಗ ತಜ್ಞೆಯಾಗುವ ಆಸೆ ಬಿಟ್ಟದ್ದಿದೆ, ಉತ್ತರ ಬರದ ಪ್ರಾರ್ಥನೆ ಇದೆ. ಆ ಅಲ್ಪವಿರಾಮ ದಾಟಿದವರು ಮಾತ್ರ ಆ ವಾಕ್ಯ ಹೇಳಬಹುದು. ಹೊರಗಿನಿಂದ ಇನ್ನೊಬ್ಬರಿಗೆ ಮುಂಗಡವಾಗಿ ಹೇಳಿದರೆ ಅದು ಗಾಯಕ್ಕೆ ಉಪ್ಪು.

ಮತ್ತೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ವೆಲ್ಲೂರಿನಲ್ಲಿ ಈ ವಿಭಾಗ ಆಗಲಿ ಎಂದೇ ದೇವರು ಆ ವಾಹನವನ್ನು ಉರುಳಿಸಿದನಾ? ನನ್ನ ಉತ್ತರ, ಇಲ್ಲ. ಹಾಗೆ ನಂಬುವವರು ಸಭೆಯಲ್ಲಿ ಇದ್ದಾರೆ, ನನಗೆ ಆಗುವುದಿಲ್ಲ. ಒಬ್ಬಳ ಬೆನ್ನು ಮುರಿದು ಕಟ್ಟಡ ಕಟ್ಟುವ ದೇವರ ಮುಂದೆ ನಾನು ಮೊಣಕಾಲೂರಲಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು, ಯಾರ ಪಾಪಕ್ಕೆ ಇವನು ಹೀಗೆ, ಇವನದೋ ಇವನ ಅಪ್ಪ ಅಮ್ಮನದೋ ಎಂದು ಕೇಳಿದಾಗ ಯೇಸು ಎರಡೂ ಅಲ್ಲ ಎಂದ. ಅಲ್ಲಿ ದೇವರ ಕೆಲಸ ಕಾಣಬೇಕು ಎಂದು ಹೇಳಿ, ಕೂಡಲೇ ಬಗ್ಗಿ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುವ ಕೆಲಸಕ್ಕೆ ಇಳಿದ. ಆ ವಾಕ್ಯವನ್ನು ಹೇಗೆ ಅರ್ಥ ಮಾಡಬೇಕು ಎಂದು ಪಂಡಿತರು ಇವತ್ತಿಗೂ ಜಗಳ ಆಡುತ್ತಾರೆ. ನನ್ನ ಕಣ್ಣು ಹೋಗುವುದು ಆ ಮಣ್ಣಾದ ಕೈ ಕಡೆಗೆ.

ಮೇರಿಯ ವಿಷಯದಲ್ಲೂ ನನಗೆ ಕಾಣುವುದು ಅದೇ. ಅಪಘಾತದೊಳಗೆ ಅರ್ಥವೊಂದು ಅಡಗಿ ಕೂತಿತ್ತು, ಅವರು ಅದನ್ನು ಹುಡುಕಿ ತೆಗೆದರು ಎಂದು ನನಗೆ ಅನಿಸುವುದಿಲ್ಲ. ಮೊದಲು ಅರ್ಥ ಸಿಕ್ಕಿ ಆಮೇಲೆ ಕೆಲಸ ಮಾಡಿದ್ದಲ್ಲ. ಅರ್ಥ ಸಿಗದೆ ಇದ್ದಾಗಲೇ ಎದುರಿಗಿದ್ದ ಒಂದು ಮುರುಟಿದ ಕೈ ಹಿಡಿದರು. ಆಮೇಲೆ ಇನ್ನೊಂದು. ಪೌಲನಿಗೆ ಬಂದ ಉತ್ತರದಲ್ಲಿ "ಸಾಕು" ಎಂಬ ಮಾತಿದೆಯಲ್ಲ, ಅದು ಬೇಕಾದಷ್ಟು ಎಂಬ ಸಾಕು ಅಲ್ಲ. ಇವತ್ತಿನ ಊಟಕ್ಕೆ ಸಾಕು ಎಂಬ ಥರದ್ದು.

ಮೇರಿ ವರ್ಗೀಸ್ 1986ರಲ್ಲಿ ತೀರಿಕೊಂಡರು. ಅಪಘಾತವಾಗಿ 32 ವರ್ಷ. ಕಾಲು ಕೊನೆಯವರೆಗೂ ಬರಲಿಲ್ಲ. ಬಾಗಾಯಂನ ಸಂಸ್ಥೆಗೆ ಈಗ ಅವರದೇ ಹೆಸರು. ಬೆನ್ನುಹುರಿ ಪೆಟ್ಟಾಗಿ ಇಂಥ ಕಡೆ ಸೇರಿದವರು ಮೊದಲು ಕಲಿಯುವ ಪಾಠಗಳು ತುಂಬಾ ಸಣ್ಣವು. ಮಲಗಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದು. ಕುರ್ಚಿಯಲ್ಲಿದ್ದರೆ ಆಗಾಗ ಎರಡೂ ಕೈ ಊರಿ ಮೈಯನ್ನು ಒಂದಿಷ್ಟು ಮೇಲೆತ್ತಿ ಇಳಿಸುವುದು. ರಾತ್ರಿ ಮಲಗುವ ಮುಂಚೆ ಕೈಯಲ್ಲೊಂದು ಕನ್ನಡಿ ಹಿಡಿದು, ತನಗೆ ನೋವೇ ಗೊತ್ತಾಗದ ಜಾಗಗಳನ್ನು ಒಂದೊಂದಾಗಿ ನೋಡುವುದು.